ಮಡಿಗೆಂದು ಕಿತ್ತಿಟ್ಟ ಪ್ಯಾಚ್

ಇದನ್ನು ನನ್ನ ಹೆಂಡತಿ ಗಿರಿಜೆ ಬರೆಯಬೇಕಿತ್ತು. ಮೈ ಉರಿದದ್ದು ಅವಳದ್ದು. ಮೂವತ್ತು ವರ್ಷ ಮುಂಬಯಿ ಪಕ್ಕದ ಠಾಣೆ ಊರಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳೂ ಅವಳೇ. ನಾನು ಉಡುಪಿಯ ಕಡೆಯ ಒಂದು ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಡೊಂಬಿವಲಿಗೆ ಬಂದು, ಇಲ್ಲಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತನಾದವನು. "ನೀನೇ ಬರಿ, ನಾಲ್ಕು ಹೆಂಗಸರಿಗೆ ಧೈರ್ಯ ಬರ್ತದೆ" ಎಂದು ನಾನು ಹೇಳಿದಾಗ ಅವಳು, "ಹೆಂಗಸರಿಗೆ ಧೈರ್ಯ ಉಂಟು. ಗಂಡಸರಿಗೆ ಬುದ್ಧಿ ಬರ್ಬೇಕಾದರೆ ನೀವೇ ಬರೀರಿ" ಎಂದಳು.

ನನಗೀಗ ಎಪ್ಪತ್ತು. ನಾಚಿಕೆಯಿಂದ ನಾನು ಮಾಡಬಾರದ್ದನ್ನೆಲ್ಲ ಮಾಡಿ ಆಗಿದೆ. ಇನ್ನು ನಾಚಿಕೊಳ್ಳದೆ ಹೇಳುತ್ತೇನೆ. ಮನೆಯಲ್ಲಿ ನಾವು ಆಡುವುದು ತುಳು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

2003ರಲ್ಲಿ ಗಿರಿಜೆಗೆ ನಲವತ್ತನಾಲ್ಕು. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗಿ ಹೋಗಿ ಬಿಳಿಚಿಕೊಂಡಿದ್ದಳು. ಗರ್ಭಕೋಶದಲ್ಲಿ ಗಡ್ಡೆಗಳಿವೆ, ತೆಗೆಯಬೇಕು ಎಂದರು. ಆಪರೇಶನ್ನಿನ ದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಕರೆದು, ಅಂಡಾಶಯಗಳನ್ನು ಉಳಿಸಬಹುದು, ತೆಗೆಯಲೂಬಹುದು, ತೆಗೆದರೆ ಮುಟ್ಟು ನಿಂತವರಿಗೆ ಮೆಲ್ಲಮೆಲ್ಲಗೆ ಆಗುವ ತೊಂದರೆಗಳೆಲ್ಲ ಒಮ್ಮೆಗೇ ಬರುತ್ತವೆ, ಇದನ್ನು ನಿನ್ನೆ ಅವರಿಗೂ ಹೇಳಿದ್ದೇನೆ, ಯೋಚಿಸುತ್ತೇನೆ ಅಂದಿದ್ದರು, ಈಗ ಕೇಳಿಕೊಂಡು ಬನ್ನಿ ಎಂದರು. ಗಿರಿಜೆ ಹತ್ತು ಹೆಜ್ಜೆ ಆಚೆ ಹಸಿರು ಪರದೆಯ ಹಿಂದೆ ಮಲಗಿದ್ದಳು, ಎಚ್ಚರವಾಗಿಯೇ ಇದ್ದಳು. ನಾನು ಪರದೆಯ ತನಕ ಹೋದೆ. ಅಂಥ ಅಂಗದ ಹೆಸರನ್ನು ಹೆಂಡತಿಯ ಎದುರು ಹೇಗೆ ಹೇಳುವುದು ಎಂದು ಅರ್ಧ ನಿಮಿಷ ನಿಂತೆ. ಹಾಗೆಯೇ ತಿರುಗಿ ಬಂದು, "ಕೇಳಿದೆ, ಎಲ್ಲ ತೆಗೀಲಿಕ್ಕೆ ಹೇಳಿದಳು, ಮತ್ತೆ ಮತ್ತೆ ರಗಳೆ ಬೇಡವಂತೆ" ಎಂದೆ. ಇದು ನನ್ನ ಮೊದಲ ತಪ್ಪು.

ಮನೆಗೆ ಬಂದ ಎರಡನೇ ವಾರದಲ್ಲಿ ಶುರುವಾಯಿತು. ಕೂತಲ್ಲೇ ಎದೆಯಿಂದ ಬಿಸಿ ಏರಿ, ಕುತ್ತಿಗೆ, ಕಿವಿ, ನೆತ್ತಿ ಎಲ್ಲ ಕೆಂಪಾಗಿ, ರವಿಕೆ ತೊಯ್ದುಹೋಗುವಷ್ಟು ಬೆವರು. ಐದು ನಿಮಿಷದಲ್ಲಿ ಚಳಿ. ದಿನಕ್ಕೆ ಹನ್ನೆರಡು ಸಲ, ಹದಿನಾಲ್ಕು ಸಲ. ನಿದ್ದೆ ಇಲ್ಲ. ಅವಳು ಫ್ಯಾನನ್ನು ಐದಕ್ಕೆ ಏರಿಸುವುದು, ನಾನು ಎರಡಕ್ಕೆ ಇಳಿಸುವುದು. ಕೊನೆಗೆ ಚಾಪೆಯೂ ಇಲ್ಲದೆ ಅಡುಗೆಮನೆಯ ಬರಿಯ ಟೈಲ್ಸಿನ ಮೇಲೆ ಮಲಗತೊಡಗಿದಳು.

"ನಮ್ಮ ಅಮ್ಮ ಎಂಟು ಹೆತ್ತವರು. ಒಂದು ದಿನ ಇದರ ಬಗ್ಗೆ ಬಾಯಿ ಬಿಟ್ಟಿದ್ದಾರಾ?" ಎಂದೆ ಒಮ್ಮೆ.

"ಬಿಟ್ಟಿದ್ದರೆ ಕೇಳುವವರು ಯಾರಿದ್ದರು?" ಎಂದಳು.

ಆ ಮಾತಿಗೆ ನನಗೆ ಸಿಟ್ಟು ಬಂದಿತ್ತು ಎಂಬುದನ್ನೂ ಬರೆದಿಡುತ್ತೇನೆ.

ನನಗಿಂತ ಲೋಕಲ್ ಗಾಡಿಯ ಲೇಡೀಸ್ ಡಬ್ಬದ ಹೆಂಗಸರು ವಾಸಿ. ಡೊಂಬಿವಲಿಯಿಂದ ಠಾಣೆಗೆ ಬೆಳಗಿನ ಹೊತ್ತಿನ ಲೋಕಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ; ದಿವಾ ಸ್ಟೇಷನ್ನಿನಲ್ಲಿ ಇನ್ನಷ್ಟು ಜನ ನುಗ್ಗುತ್ತಾರೆ. ಗಿರಿಜೆಯ ಮುಖ ಕೆಂಪೇರಿದ್ದನ್ನು ನೋಡಿ ಮೀನು ಮಾರುವ ಒಬ್ಬಳು ಮರಾಠಿ ಬಾಯಿ, ಕಿಟಕಿಯ ಸೀಟಿನಲ್ಲಿದ್ದ ಕಾಲೇಜು ಹುಡುಗಿಯನ್ನು ಎಬ್ಬಿಸಿ, "ಬಸ್ ಗ ಬಾಯೀ. ಮಲಾ ಮಾಹಿತೀ ಆಹೇ ಹೇ ಕಾಯ್ ಅಸತಂ" ಎಂದು ಕೂರಿಸಿದಳಂತೆ. ಕೂತ್ಕೋ, ಇದೇನೆಂದು ನನಗೆ ಗೊತ್ತು ಎಂದಷ್ಟೇ ಅದರ ಅರ್ಥ. ಆ ದಿನ ಮನೆಗೆ ಬಂದು ಗಿರಿಜೆ ಈ ಸುದ್ದಿಯನ್ನು ಮೂರು ಸಲ ಹೇಳಿದಳು. ಯಾಕೆ ಅಷ್ಟು ಸಲ ಹೇಳುತ್ತಾಳೆ ಎಂದು ನನಗೆ ಹೊಳೆಯಲಿಲ್ಲ.

ಶಾಲೆ ಅವಳ ಜೀವ. ನಾಲ್ಕನೇ ಕ್ಲಾಸು ಅವಳದ್ದು. ಮನೆಯಲ್ಲಿ ಕನ್ನಡ ಕೇಳಿ ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳಿಗೆ ಕನ್ನಡದಲ್ಲಿ ಕತೆ ಹೇಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ಮಕ್ಕಳ ಹೆಸರೇ ಮರೆತುಹೋಗುತ್ತಿತ್ತು. ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು ನಿಂತುಬಿಡುತ್ತಿದ್ದಳು. ಒಂದು ದಿನ ಸಣ್ಣ ತಪ್ಪಿಗೆ ಒಬ್ಬಳು ಹುಡುಗಿಯನ್ನು ಗದರಿಸಿ, ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ತಾನೇ ಅತ್ತಳು. ಎರಡು ವರ್ಷ ಹೀಗೆ ಹೋಯಿತು. 2005ರಲ್ಲಿ ಅವಳ ಹೆಡ್‌ಮಿಸ್ಟ್ರೆಸ್ ಠಾಣೆಯ ಒಬ್ಬ ಲೇಡಿ ಡಾಕ್ಟರ ವಿಳಾಸ ಬರೆದುಕೊಟ್ಟು, "ಗಿರಿಜಾ ಟೀಚರ್, ಇದು ಸಹಿಸಿಕೊಳ್ಳಬೇಕಾದ್ದೇನಲ್ಲ" ಎಂದರು.

ಡಾಕ್ಟರ್ ಬಾಯಿ ಮರಾಠಿಯವರು, ಐವತ್ತು ದಾಟಿದವರು. ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಗಿರಿಜೆಗೆ ಅರೆತಲೆನೋವು ಇದ್ದದ್ದರಿಂದ ಗುಳಿಗೆಗಿಂತ ಪ್ಯಾಚ್ ಒಳ್ಳೆಯದು ಎಂದು ಒಂದು ಚಿಕ್ಕ ಪೆಟ್ಟಿಗೆ ತೋರಿಸಿದರು. ಒಳಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಉರುಟು ತುಂಡುಗಳು, ದೊಡ್ಡ ಬಿಂದಿಯ ಹಾಗೆ. ದೇಹದಲ್ಲಿ ಈಗ ತಯಾರಾಗದ ಹಾರ್ಮೋನು ಚರ್ಮದ ಮೂಲಕ ಸ್ವಲ್ಪಸ್ವಲ್ಪವೇ ಒಳಗೆ ಹೋಗುತ್ತದಂತೆ. ಹೊಕ್ಕುಳಿನ ಕೆಳಗೆ ಎಣ್ಣೆ ಪೌಡರ್ ಇಲ್ಲದ ಒಣ ಚರ್ಮಕ್ಕೆ ಅಂಟಿಸಬೇಕು, ಸೋಮವಾರ ಗುರುವಾರ ಬದಲಿಸಬೇಕು, ನಡುವೆ ತೆಗೆಯಬಾರದು, ಸ್ನಾನಕ್ಕೂ ತೆಗೆಯಬಾರದು. ನಾನು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡೆ.

ಮೊದಲ ವಾರದಲ್ಲೇ ಸ್ವಲ್ಪ ಗುಣ ಕಂಡಿತು. ಒಂದು ದಿನ ಐದು ಗಂಟೆ ಒಟ್ಟಿಗೆ ನಿದ್ದೆ ಬಂತೆಂದು ಗಿರಿಜೆ ಬೆಳಿಗ್ಗೆ ಎದ್ದು ಸುಮ್ಮನೆ ನಗುತ್ತಿದ್ದಳು. ಆಗ ನಾನು ನನ್ನ ಎರಡನೇ ತಪ್ಪು ಮಾಡಿದೆ.

ನಮ್ಮ ಕಾರ್ಖಾನೆಯ ಲ್ಯಾಬಿನಲ್ಲಿ ಒಬ್ಬ ಕೆಮಿಸ್ಟ್ ಇದ್ದ. ಊಟದ ಹೊತ್ತಿನಲ್ಲಿ ಹೆಂಗಸರ ಹಾರ್ಮೋನಿನ ಮದ್ದಿನ ಮಾತು ಬಂದಾಗ, "ಅದು ಗಬ್ಬದ ಕುದುರೆಯ ಮೂತ್ರದಿಂದ ಮಾಡ್ತಾರೆ, ಗೊತ್ತಾ?" ಎಂದ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ನಮ್ಮದು ಸಾಲಿಗ್ರಾಮದ ಪೂಜೆ ಇರುವ ಮನೆ. ಡೊಂಬಿವಲಿಯ ಮೂರನೇ ಮಾಳಿಗೆಯ ಒನ್ ಬಿಎಚ್‌ಕೆಯಲ್ಲಿ ಬೇರೆ ದೇವರ ಕೋಣೆ ಎಲ್ಲಿಂದ? ಅಡುಗೆಮನೆಯ ಮೂಲೆಯಲ್ಲೇ ಮಂಟಪ. ನಸುಕಿನಲ್ಲಿ ಗಿರಿಜೆ ಮಿಂದು, ಕೋಲಿನ ಮೇಲೆ ಬೇರೆಯಾಗಿ ಒಣಹಾಕಿದ ಮಡಿಸೀರೆ ಉಟ್ಟು, ನೈವೇದ್ಯದ ಅನ್ನ ಮಾಡಬೇಕು. ನಾನು ಪೂಜೆ ಮಾಡಬೇಕು. ಆಮೇಲೆ ಅವಳು ಸೀರೆ ಬದಲಿಸಿ ಗಾಡಿ ಹಿಡಿಯಬೇಕು. ಅಮ್ಮನ ಕಾಲದಿಂದ ಪೂಜೆ ಒಂದು ದಿನ ತಪ್ಪಿದ್ದಿಲ್ಲ; ಗಿರಿಜೆ ಮುಟ್ಟಾದ ದಿನಗಳಲ್ಲಿ ಮಾತ್ರ ಅನ್ನದ ಬದಲು ಹಾಲು ಹಣ್ಣಿನ ನೈವೇದ್ಯ. ಪಿನ್ನು, ರಬ್ಬರ್ ಬ್ಯಾಂಡು ಸಹ ಮಡಿಗೆ ಆಗುವುದಿಲ್ಲ ನಮ್ಮಲ್ಲಿ.

ಆ ಸಂಜೆ ಹೇಳಿದೆ: "ಅದನ್ನು ಮೈಗೆ ಹಚ್ಚಿಕೊಂಡು ನೈವೇದ್ಯಕ್ಕೆ ನಿಲ್ಲಬೇಡ."

"ತೆಗೀಬಾರದು ಅಂತ ಡಾಕ್ಟರ್ ಹೇಳಿದ್ದು ನೀವೂ ಕೇಳಿದ್ದೀರಿ."

"ಎರಡು ಗಂಟೆ ತೆಗೆದಿಟ್ಟರೆ ಏನು ಪ್ರಾಣ ಹೋಗ್ತದಾ? ದೇವರಿಗಿಂತ ಹೆಚ್ಚಾ ಕುದುರೆಯ ಉಚ್ಚೆ?"

ಕಾಲೇಜಿನಲ್ಲಿ ಓದುತ್ತಿದ್ದ ಮಗಳು ವಿದ್ಯಾ ಪುಸ್ತಕದಿಂದ ತಲೆ ಎತ್ತಿದಳು. ಅವಳದ್ದು ಯಾವಾಗಲೂ ಹಿಂದಿ. "ಪಪ್ಪಾ, ಪಂಚಗವ್ಯ ಮೇಂ ಕ್ಯಾ ಹೋತಾ ಹೈ? ಗಾಯ್ ಕಾ ಚಲೇಗಾ, ಘೋಡೇ ಕಾ ನಹೀಂ?"

"ಅಧಿಕಪ್ರಸಂಗ ಬೇಡ" ಎಂದು ಗದರಿಸಿದೆ. ಹಸುವಿನದ್ದು ನಡೆಯುತ್ತದೆ, ಕುದುರೆಯದ್ದು ಯಾಕೆ ನಡೆಯುವುದಿಲ್ಲ ಎಂಬ ಅವಳ ಪ್ರಶ್ನೆಯನ್ನು ಧ್ವನಿಯಿಂದಲೇ ಮುಚ್ಚಿದೆ.

ಮರುದಿನದಿಂದ ಗಿರಿಜೆ ಸ್ನಾನಕ್ಕೆ ಮೊದಲು ಪ್ಯಾಚ್ ಕಿತ್ತು ಕಪಾಟಿನ ಕನ್ನಡಿಯ ಮೇಲೆ ಅಂಟಿಸುತ್ತಿದ್ದಳು. ಪೂಜೆ ಮುಗಿದ ಮೇಲೆ ಅದನ್ನೇ ಕಿತ್ತು ಮತ್ತೆ ಮೈಗೆ. ಎರಡನೇ ದಿನಕ್ಕೆ ಅಂಟು ಹೋಗುತ್ತಿತ್ತು. ಅದರ ಮೇಲೆ ಗಾಯದ ಪಟ್ಟಿ ಹಾಕಿ ಒತ್ತುತ್ತಿದ್ದಳು. ಇಲ್ಲಿನ ಬೆವರಿಗೆ ಅದೂ ನಿಲ್ಲುತ್ತಿರಲಿಲ್ಲ. ಗಾಡಿ ಕಳವಾ ಸ್ಟೇಷನ್ ದಾಟುವಷ್ಟರಲ್ಲಿ ಪ್ಯಾಚ್ ಸುರುಟಿಕೊಂಡು ಲಂಗಕ್ಕೆ ಅಂಟಿರುತ್ತಿತ್ತು. ಕನ್ನಡಿಯ ತುಂಬ ಉರುಟು ಉರುಟು ಅಂಟಿನ ಕಲೆ. "ಕನ್ನಡಿ ಎಂತ ಗಲೀಜು ಮಾಡಿ ಇಟ್ಟಿದ್ದಿ" ಎಂದು ಅದಕ್ಕೂ ಬೈದೆ.

ಒಂದೇ ತಿಂಗಳಲ್ಲಿ ಉರಿ, ಬೆವರು, ನಿದ್ದೆಗೇಡು ಎಲ್ಲ ಮೊದಲಿನ ಹಾಗೆ ವಾಪಸು ಬಂತು. ಡಾಕ್ಟರ ಬಳಿ ಹೋದೆವು. ಅವರು ಪೆನ್ನು ಕೆಳಗಿಟ್ಟು ಕೇಳಿದರು: "ಪ್ಯಾಚ್ ಇಪ್ಪತ್ತನಾಲ್ಕು ಗಂಟೆಯೂ ಮೈಮೇಲೆ ಇರ್ತದೆ ಅಲ್ವಾ?"

ಗಿರಿಜೆ ನನ್ನ ಕಡೆ ನೋಡಿದಳು. ಒಂದೇ ಕ್ಷಣ. ನಾನು ಹೇಳಲಿ ಎಂದು ಕಾಯುತ್ತಿದ್ದಳು. ನಾನು ಗೋಡೆಯ ಮೇಲಿನ ಮಗುವಿನ ಚಿತ್ರ ನೋಡುತ್ತ ಕೂತೆ.

"ಹೋ" ಎಂದಳು ಗಿರಿಜೆ. ಹೌದು ಎಂದು. ಅವಳು ಡಾಕ್ಟರ ಎದುರು ನನ್ನ ಮರ್ಯಾದೆ ಉಳಿಸಿದಳು. ನಾನು ಉಳಿಸಲು ಬಿಟ್ಟೆ.

ಡಾಕ್ಟರ್ ಹೆಚ್ಚು ಶಕ್ತಿಯ ಪ್ಯಾಚ್ ಬರೆದರು. ಅದರಿಂದಲೂ ಆಗಲಿಲ್ಲ. ಮೂರು ತಿಂಗಳ ನಂತರ ಮತ್ತೆ ಹೋದಾಗ, ಕೆಲವರ ಮೈಗೆ ಇದು ಹಿಡಿಸುವುದಿಲ್ಲ, ಇನ್ನೊಂದು ತಿಂಗಳು ನೋಡಿ ನಿಲ್ಲಿಸೋಣ ಎಂದರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಗಿರಿಜೆ, "ನನ್ನ ಮೈಯೇ ಸರಿಯಿಲ್ಲ, ಮದ್ದು ಎಂತ ಮಾಡೀತು" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಎರಡು ಗಂಟೆಯ ವಿಷಯ ಅಷ್ಟು ದೊಡ್ಡದಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಆ ವಾರವೇ ಕ್ಲಾಸಿನಲ್ಲಿ ಪ್ಯಾಚ್ ಬಿದ್ದಿತು. ಒಬ್ಬಳು ಹುಡುಗಿ ಅದನ್ನು ನೆಲದಿಂದ ಹೆಕ್ಕಿ, "ಟೀಚರ್, ಆಪ್ ಕಾ ಸ್ಟಿಕರ್" ಎಂದು ಎಲ್ಲರೆದುರು ಕೈ ಚಾಚಿದಳಂತೆ. ಮಕ್ಕಳು ಸ್ಟಿಕರ್ ನನಗೆ, ನನಗೆ ಎಂದು ಎದ್ದರಂತೆ. ಮನೆಗೆ ಬಂದವಳೇ ಗಿರಿಜೆ ಒಂದು ಹಾಳೆ ತೆಗೆದು ಅವಳ ದುಂಡು ಅಕ್ಷರದಲ್ಲಿ ರಾಜೀನಾಮೆ ಬರೆದಳು. ಅನಾರೋಗ್ಯದ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಎಂದು ಎರಡೇ ಸಾಲು.

"ಹೆಡ್‌ಮಿಸ್ಟ್ರೆಸ್ ಮುಖ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾಳೆ ರಜೆ ಹಾಕಿದ್ದೇನೆ. ನೀವೇ ಕೊಟ್ಟು ಬನ್ನಿ" ಎಂದಳು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೆ ನೆಮ್ಮದಿಯಾಯಿತು. ಮನೆಯಲ್ಲಿರುತ್ತಾಳೆ, ಪೂಜೆ ಸಾವಕಾಶವಾಗಿ ನಡೆಯುತ್ತದೆ ಎಂದುಕೊಂಡೆ.

ಮರುದಿನ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಠಾಣೆಗೆ ಹೊರಟೆ. ಅಂಗಿಯ ಕಿಸೆಯಲ್ಲಿ ಕಾಗದ. ಗಾಡಿಯಲ್ಲಿ ಬಾಗಿಲ ಬಳಿ ನಿಂತಿದ್ದೆ. ಮುಂಬ್ರಾದ ಸುರಂಗ ಬಂದಾಗ ಎದುರಿನ ಗಾಜಿನಲ್ಲಿ ನನ್ನ ಮುಖ ಕಂಡಿತು: ಹಣೆಯಲ್ಲಿ ನಾಮ, ಕಿವಿಯಲ್ಲಿ ತುಳಸಿ. ಅವಳು ಡಾಕ್ಟರ ಎದುರು ನನ್ನ ಕಡೆ ನೋಡಿದ ನೋಟ ನೆನಪಾಯಿತು. ಈ ಕಾಗದದಲ್ಲಿರುವ "ಅನಾರೋಗ್ಯ" ಅವಳದ್ದೋ ನನ್ನದೋ ಎಂಬ ಪ್ರಶ್ನೆ ಹುಟ್ಟಿತು. ಠಾಣೆಯಲ್ಲಿ ಇಳಿದಾಗ ಶಾಲೆಯ ದಿಕ್ಕಿಗೆ ಹತ್ತು ಹೆಜ್ಜೆ ಹಾಕಿ, ನಿಂತು, ತಿರುಗಿ ಡಾಕ್ಟರ ಕ್ಲಿನಿಕ್ಕಿನ ದಾರಿ ಹಿಡಿದೆ.

ಹೆಂಗಸರ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ಹೆಂಡತಿಯಿಲ್ಲದೆ ಒಬ್ಬನೇ ಕೂರುವುದೆಂದರೆ ಏನು ಎಂದು ಆ ದಿನ ಗೊತ್ತಾಯಿತು. ಬಸುರಿಯರು, ಅವರ ಅತ್ತೆಯಂದಿರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೌಂಟರಿನ ಹುಡುಗಿ ಕೇಳಿದಳು: "ಕಾಕಾ, ಪೇಶಂಟ್ ಕುಠೇ ಆಹೇ?"

"ಪೇಶಂಟ್ ಮನೆಯಲ್ಲಿ. ತಪ್ಪು ಮಾಡಿದವನು ಬಂದಿದ್ದೇನೆ" ಎಂದೆ ನನ್ನ ಹರಕು ಮರಾಠಿಯಲ್ಲಿ. ಒಬ್ಬಳು ಅತ್ತೆ ಫಕ್ಕನೆ ನಕ್ಕಳು. ಹುಡುಗಿ ನಗದೆ ನಂಬರ್ ಕೊಟ್ಟಳು. ಎರಡು ಗಂಟೆ ಕೂತೆ. ಎದ್ದು ಹೋಗಿಬಿಡೋಣ ಎಂದು ನಾಲ್ಕು ಸಲ ಅನ್ನಿಸಿತು. ಪ್ರತಿ ಸಲವೂ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಒಳಗೆ ಹೋಗಿ ಎಲ್ಲ ಹೇಳಿದೆ. ಮಡಿ, ನೈವೇದ್ಯ, ಕನ್ನಡಿ, ಕುದುರೆ. ಡಾಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ದಿನಾ ಕಿತ್ತು ದಿನಾ ಅಂಟಿಸಿದರೆ ಅಂಟೂ ಉಳಿಯುವುದಿಲ್ಲ, ಮದ್ದೂ ಸರಿಯಾಗಿ ಹೋಗುವುದಿಲ್ಲ ಕಾಕಾ. ಆ ತಾಯಿಗೆ ನಾನು, ನಿಮ್ಮ ಮೈಗೆ ಹಿಡಿಸುವುದಿಲ್ಲ ಅಂದುಬಿಟ್ಟೆ."

"ಮತ್ತೆ ಆ ಕುದುರೆಯ..."

"ಅದು ಬೇರೆ ಒಂದು ಗುಳಿಗೆಯ ವಿಷಯ. ಈ ಪ್ಯಾಚಿನದ್ದು ಗಿಡಮೂಲದ್ದು. ಒಂದು ಜಾತಿಯ ಗೆಡ್ಡೆಯಿಂದ ಶುರುಮಾಡಿ ತಯಾರಿಸ್ತಾರೆ." ಆಮೇಲೆ ಕನ್ನಡಕ ಹಾಕಿಕೊಂಡು, "ಇದನ್ನೆಲ್ಲ ನನಗೆ ಹೇಳಿ ಏನು ಉಪಯೋಗ? ಅವರಿಗೆ ಹೇಳಿ. ಅವರ ಮೈಯಲ್ಲಿ ದೋಷ ಇರಲಿಲ್ಲ ಅಂತಲೂ ಹೇಳಿ" ಎಂದರು.

ಗೆಡ್ಡೆ ಎಂದದ್ದೇ ನನಗೆ ದೊಡ್ಡ ಭಾರ ಇಳಿದ ಹಾಗಾಯಿತು. ಶಾಲೆಗೆ ಹೋಗದೆ ಸೀದಾ ಮನೆಗೆ ಬಂದೆ. ಮೂರು ಮಾಳಿಗೆಯನ್ನು ಒಂದೇ ಉಸಿರಿಗೆ ಹತ್ತಿದೆ. ಗಿರಿಜೆ ಬೀನ್ಸ್ ಹೆಚ್ಚುತ್ತಿದ್ದಳು.

"ಗಿರಿಜಾ, ಅದು ಗೆಡ್ಡೆಯದ್ದಂತೆ! ಡಾಕ್ಟರೇ ಹೇಳಿದರು. ಮಡಿಗೆ ಏನೂ ದೋಷ ಇಲ್ಲ. ಇನ್ನು ತೆಗೆಯುದೇ ಬೇಡ. ನಿನ್ನ ಮೈಯಲ್ಲೂ ದೋಷ ಇಲ್ಲವಂತೆ, ತೆಗೆದು ತೆಗೆದು ಮದ್ದು ಹತ್ತಲಿಲ್ಲ ಅಷ್ಟೆ!"

ಅವಳು ಚಾಕು ನಿಲ್ಲಿಸಿದಳು. ಸಿಹಿ ಹಂಚುವವನ ಹಾಗೆ ನಾನು ನಿಂತಿದ್ದೆ.

"ಕುದುರೆಯದ್ದೇ ಆಗಿದ್ದರೆ ಎಂತ ಮಾಡ್ತಿದ್ದಿರಿ?" ಎಂದಳು.

ನಾನು ಕಿಸೆಯ ಕಾಗದ ತಡಕಾಡಿದೆ.

"ಉರಿದು ಸಾಯಲಿ ಅಂತ ಬಿಡ್ತಿದ್ದಿರಾ? ಗೆಡ್ಡೆ ನನ್ನನ್ನು ಉಳಿಸಿತು ಹಾಗಾದರೆ. ನೀವಲ್ಲ."

ಮತ್ತೆ ಬೀನ್ಸ್ ಹೆಚ್ಚತೊಡಗಿದಳು. ನಾನು ಕಿಸೆಯಿಂದ ರಾಜೀನಾಮೆ ತೆಗೆದು ಅವಳ ಎದುರಿಟ್ಟೆ. "ಕೊಡಲಿಲ್ಲ" ಎಂದೆ. ಅವಳು ಅದನ್ನು ಮುಟ್ಟಲಿಲ್ಲ. "ಈ ತಿಂಗಳ ಕೊನೆಗೆ ನಾನೇ ಕೊಡ್ತೇನೆ" ಎಂದಳು. ಕೈಯಲ್ಲಿದ್ದದ್ದು ಮೂರೂವರೆ ವಾರ.

ಆ ಪ್ರಶ್ನೆ ಮೂರು ದಿನ ನನ್ನನ್ನು ತಿಂದಿತು. ಕಾರ್ಖಾನೆಯಲ್ಲಿ ಡ್ರಮ್ ಎಣಿಸುವಾಗಲೂ ಅದೇ. ಗೆಡ್ಡೆಯ ನೆಪದಲ್ಲಿ ನಾನು ತಪ್ಪಿಸಿಕೊಂಡಿದ್ದೆ ಎಂದು ಗೊತ್ತಾದ ಮೇಲೆ ಮೊದಲ ತಪ್ಪೂ ಎದ್ದು ಕೂತಿತು. ಮೂರನೇ ದಿನ ಸಂಜೆ ಅವಳ ಎದುರು ಕೂತು ಆಪರೇಶನ್ ದಿನದ್ದನ್ನು ಹೇಳಿದೆ. ಪರದೆಯ ತನಕ ಬಂದವನು ಕೇಳದೆ ತಿರುಗಿ ಹೋದೆ, ಸುಳ್ಳು ಹೇಳಿದೆ ಎಂದೆ.

"ಗೊತ್ತುಂಟು" ಎಂದಳು ಗಿರಿಜೆ. "ನಿಮ್ಮ ಕಾಲು ಪರದೆಯ ಅಡಿಯಲ್ಲಿ ಕಾಣ್ತಿತ್ತು. ನೀವು ಹೇಳಿದ್ದೂ ಕೇಳಿಸಿತು."

"ಮತ್ತೆ ನೀನು ಆಗಲೇ..."

"ಕೂಗಿ ಬೇಡ ಅಂತ ಹೇಳ್ಬಹುದಿತ್ತು. ಹೇಳಲಿಲ್ಲ. ಅಷ್ಟು ಜನರ ಎದುರು ಗಂಡ ಸುಳ್ಳು ಹೇಳ್ತಿದ್ದಾನೆ ಅಂತ ಹೇಗೆ ಹೇಳುದು? ಅದು ನನ್ನ ತಪ್ಪು. ಅದಕ್ಕೆ ನಾನು ಉರೀತಿದ್ದೇನೆ. ನಿಮ್ಮ ತಪ್ಪಿಗೂ ನಾನೇ ಉರೀತಿದ್ದೇನೆ. ಇದೆಂಥ ಲೆಕ್ಕ ಮಾರಾಯ್ರೆ?"

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು, ಮಿಂದು, ಮಡಿ ಪಂಚೆ ಉಟ್ಟು, ಜೀವನದಲ್ಲಿ ಮೊದಲ ಸಲ ನೈವೇದ್ಯಕ್ಕೆ ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಎಷ್ಟು ನೀರು ಎಂದು ಗೊತ್ತಿರಲಿಲ್ಲ. ಗಿರಿಜೆ ಬಂದು ಅಡುಗೆಮನೆಯ ಹೊಸಿಲ ಹೊರಗೆ ನಿಂತಳು. ಡಾಕ್ಟರ್ ಮತ್ತೆ ಬರೆದುಕೊಟ್ಟಿದ್ದ ಹೊಸ ಪ್ಯಾಚನ್ನು ಹಿಂದಿನ ದಿನ ತಂದುಕೊಟ್ಟಿದ್ದೆ.

"ಮೈಮೇಲೆ ಪ್ಯಾಚ್ ಉಂಟು" ಎಂದಳು.

"ಇರಲಿ. ಒಳಗೆ ಬಾ."

"ಗೆಡ್ಡೆಯದ್ದು ಅಂತಲಾ?"

"ಕುದುರೆಯದ್ದಾದರೂ. ಕತ್ತೆಯದ್ದಾದರೂ. ಬಾ."

ಅವಳು ಒಳಗೆ ಬಂದು ನನ್ನನ್ನು ಬದಿಗೆ ಸರಿಸಿ ಗ್ಯಾಸ್ ಸಣ್ಣ ಮಾಡಿದಳು. "ಅನ್ನ ಅಡಿ ಹಿಡೀತಾ ಉಂಟು. ವಾಸನೆ ಬರುದಿಲ್ವಾ ನಿಮ್ಗೆ?" ಆ ದಿನ ದೇವರಿಗೆ ಸೀದ ಅನ್ನವೇ ನೈವೇದ್ಯ. ಮಂತ್ರವನ್ನು ನಿಲ್ಲಿಸದೆ ಕೊನೆಯವರೆಗೆ ಹೇಳಿದೆ. ಅಂದಿನಿಂದ ಇಂದಿನವರೆಗೆ ನೈವೇದ್ಯದ ಅಡುಗೆ ನನ್ನದು.

ಸೋಮವಾರ, ಗುರುವಾರ. ಬಲಕ್ಕೆ ಒಂದು ಸಲ, ಎಡಕ್ಕೆ ಒಂದು ಸಲ. ಶನಿವಾರದ ಎಣ್ಣೆಸ್ನಾನದಲ್ಲಿ ಹೊಟ್ಟೆಗೆ ಎಣ್ಣೆ ಬೇಡ. ಹತ್ತನೇ ದಿನಕ್ಕೆ ಬೆವರುವುದು ಅರ್ಧವಾಯಿತು. ಮೂರನೇ ವಾರದಲ್ಲಿ ಅವಳು ಬೆಳಗಿನ ತನಕ ಮಂಚದ ಮೇಲೆಯೇ ಮಲಗಿದಳು. ನಾನು ಶಾಲು ಹೊದ್ದು ಮಲಗಿದೆ, ಫ್ಯಾನ್ ಐದರಲ್ಲೇ ಇತ್ತು. ತಿಂಗಳ ಕೊನೆಯ ದಿನ ಅವಳು ರಾಜೀನಾಮೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಶಾಲೆಗೆ ಹೋದಳು. ಕಾರ್ಖಾನೆಯಲ್ಲಿ ಆ ದಿನ ಎರಡು ಚಲನ್ ತಪ್ಪಾಗಿ ಬರೆದೆ. ಸಂಜೆ ಅವಳು ಬಂದು ಚಪ್ಪಲಿ ಬಿಡುತ್ತ, "ನಾಲ್ಕನೇ ಕ್ಲಾಸಿನ ನಲವತ್ತೊಂದು ಹೆಸರೂ ಹಾಜರಿ ಪುಸ್ತಕ ನೋಡದೆ ಕರೆದೆ" ಎಂದಳು. ಅಷ್ಟೇ. ಕಾಗದ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಅಮ್ಮನ ತಿಥಿಗೆ ಕಲ್ಯಾಣದಿಂದ ನನ್ನ ಅಕ್ಕ ಬಂದಳು. ತಿಥಿಯ ಮಡಿ ಇನ್ನೂ ಬಿಗಿ. ಸುದ್ದಿ ಅವಳಿಗೆ ಹೇಗೋ ಮುಟ್ಟಿತ್ತು.

"ವಾಸು, ಅದೆಂಥದ್ದೋ ಪ್ಲಾಸ್ಟಿಕ್ ಅಂಟಿಸಿಕೊಂಡಿದ್ದಾಳಂತೆ. ಇವತ್ತೊಂದು ದಿನ ತೆಗೆದಿಡ್ಲಿಕ್ಕೆ ಹೇಳು."

"ಅದು ತೆಗೆಯುವುದಲ್ಲ ಅಕ್ಕ."

"ಹೆಂಡತಿಯ ಇಂಥ ಮದ್ದಿನ ಬಗ್ಗೆ ಮಾತಾಡ್ಲಿಕ್ಕೆ ನಾಚಿಕೆ ಇಲ್ವಾ ನಿಂಗೆ?"

"ನಾಚಿಕೆ ಇದ್ದಾಗ ಎಂತ ಮಾಡಿದೆ ಅಂತ ನಂಗೆ ಗೊತ್ತುಂಟು."

ಅಕ್ಕ ಊಟ ಮಾಡದೆ ಒಂದು ಬಾಳೆಹಣ್ಣು ತಿಂದು ಕೂತಳು. ಮಧ್ಯಾಹ್ನ ಅವಳು ಬಾಲ್ಕನಿಯಲ್ಲಿ ಗಿರಿಜೆಯ ಪಕ್ಕ ಕೂತದ್ದು, ತನಗೂ ನಾಲ್ಕು ವರ್ಷ ಹೀಗೇ ಆಗಿತ್ತು, ಬಚ್ಚಲ ಕಲ್ಲಿನ ಮೇಲೆ ಮಲಗುತ್ತಿದ್ದೆ, ಗಂಡನಿಗೆ ಹೇಳಲೇ ಇಲ್ಲ ಎಂದದ್ದು ನನಗೆ ಆಮೇಲೆ ಗೊತ್ತಾಯಿತು. ಮರುವರ್ಷದ ತಿಥಿಗೆ ಅಕ್ಕ ಎರಡು ಸಲ ಪಾಯಸ ಹಾಕಿಸಿಕೊಂಡಳು.

ಪ್ಯಾಚ್ ಎಲ್ಲ ಮೆಡಿಕಲ್‌ನಲ್ಲಿ ಸಿಗುತ್ತಿರಲಿಲ್ಲ. ಒಮ್ಮೊಮ್ಮೆ ಸ್ಟಾಕೇ ಇಲ್ಲ. ಡೊಂಬಿವಲಿ, ಕಲ್ಯಾಣ, ಠಾಣೆ, ಕೆಲವು ಸಲ ವಾಶಿಯವರೆಗೂ ಹೋಗಿದ್ದೇನೆ. ಮೊದಲು ಚೀಟಿಯನ್ನು ಮಡಚಿ ಕೊಟ್ಟು ಬೇರೆ ಕಡೆ ನೋಡುತ್ತಿದ್ದವನು ಆಮೇಲೆ ಗಿರಾಕಿಗಳ ನಡುವೆ ನಿಂತು, "ಮುಟ್ಟು ನಿಂತ ಹೆಂಗಸರ ಪ್ಯಾಚ್ ಉಂಟಾ?" ಎಂದು ಗಟ್ಟಿಯಾಗಿಯೇ ಕೇಳತೊಡಗಿದೆ. ವಾಶಿಯ ಒಂದು ಅಂಗಡಿಯಲ್ಲಿ ನಡುವಯಸ್ಸಿನ ಒಬ್ಬ ಗಂಡಸು ನನ್ನ ಹಿಂದೆಯೇ ಹೊರಗೆ ಬಂದು, "ಅಂಕಲ್, ಇದಕ್ಕೆ ಮದ್ದು ಇದೆಯಾ?" ಎಂದು ಮೆಲ್ಲಗೆ ಕೇಳಿದ. ಅವನಿಗೆ ನಾನು ಮದ್ದಿನ ಹೆಸರು ಹೇಳಲಿಲ್ಲ. ಎಲ್ಲರಿಗೂ ಇದೇ ಆಗುತ್ತದೆಂದಲ್ಲ, ಆಗದವರೂ ಇದ್ದಾರೆ. ಅದು ಡಾಕ್ಟರ ಕೆಲಸ. "ಮೊದಲು ಮನೆಗೆ ಹೋಗಿ ಅವರನ್ನೇ ಕೇಳಿ, ಹೇಗಾಗ್ತದೆ ಅಂತ. ಆಮೇಲೆ ಒಟ್ಟಿಗೆ ಡಾಕ್ಟರ ಬಳಿ ಹೋಗಿ. ಅಲ್ಲಿ ಸುಳ್ಳು ಹೇಳಬೇಡಿ" ಎಂದೆ. ಸ್ಟೇಷನ್ನಿನವರೆಗೆ ಜೊತೆಗೆ ನಡೆದ.

ಗಿರಿಜೆಗೆ ಐವತ್ತೆರಡಾದಾಗ ಡಾಕ್ಟರ್ ಶಕ್ತಿ ಕಡಿಮೆ ಮಾಡುತ್ತ ಬಂದು ಪ್ಯಾಚ್ ನಿಲ್ಲಿಸಿದರು. ಈಗಲೂ ಒಮ್ಮೊಮ್ಮೆ ಬಿಸಿ ಏರುತ್ತದೆ. ಬೀಸಣಿಗೆ ತರಲು ನಾನು ಏಳುತ್ತೇನೆ. "ಕೂತ್ಕೊಳ್ಳಿ, ಮಂಡಿ ಸರಿಯಿಲ್ಲ ನಿಮ್ಮದು" ಎಂದು ಬೈಸಿಕೊಳ್ಳುತ್ತೇನೆ. ಐವತ್ತೆಂಟು ತುಂಬುವವರೆಗೆ ಅವಳು ಶಾಲೆಗೆ ಹೋದಳು. ಈಗ ಖಾರಘರದಲ್ಲಿರುವ ವಿದ್ಯಾಳ ಕಾಂಪ್ಲೆಕ್ಸಿನಲ್ಲಿ ಶನಿವಾರ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಹಿಂದಿಯಲ್ಲಿ ಉತ್ತರ ಕೊಡುವ ಮೊಮ್ಮಗಳೂ ಆ ಕ್ಲಾಸಿನಲ್ಲಿದ್ದಾಳೆ.

ಇಷ್ಟು ಬರೆದು, ಕೊನೆಗೆ "ನನ್ನ ಹೆಂಡತಿ ನನ್ನನ್ನು ಕ್ಷಮಿಸಿದ್ದಾಳೆ" ಎಂದು ಒಂದು ಸಾಲು ಸೇರಿಸಿ, ಮೊನ್ನೆ ಗಿರಿಜೆಗೆ ತಿದ್ದಲು ಕೊಟ್ಟೆ. ಇವತ್ತು ಬೆಳಿಗ್ಗೆ ಖಾರಘರಕ್ಕೆ ಹೊರಡುವ ಮೊದಲು ಹಾಳೆಗಳನ್ನು ಮೇಜಿನ ಮೇಲಿಟ್ಟು ಹೋಗಿದ್ದಾಳೆ. ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದಿದ್ದಾಳೆ. ನನ್ನ ತಪ್ಪುಗಳಲ್ಲಿ ಒಂದನ್ನೂ ಹೊಡೆದುಹಾಕಿಲ್ಲ. ಆ ಕೊನೆಯ ಸಾಲಿನ ಮೇಲೆ ಮಾತ್ರ ನೇರವಾಗಿ ಒಂದು ಗೆರೆ ಎಳೆದು 'ತಪ್ಪು' ಎಂದು ಗುರುತು ಹಾಕಿದ್ದಾಳೆ. ಬದಿಯಲ್ಲಿ ಅದೇ ದುಂಡು ಅಕ್ಷರ: "ಇದನ್ನು ನಾನು ಯಾವಾಗ ಹೇಳಿದೆ? ನೀವು ಕೇಳಿಯೇ ಇಲ್ಲ."

ಹೌದು, ಕೇಳಿರಲಿಲ್ಲ. ಸಂಜೆ ಆರಕ್ಕೆ ಅವಳು ಬರುತ್ತಾಳೆ. ಬಂದು, ಕೈಕಾಲು ತೊಳೆದು, ಚಹಾ ಕುಡಿದ ಮೇಲೆ ಕೇಳುತ್ತೇನೆ. ಏನು ಹೇಳಿದರೂ ಸರಿ.